ಸೊಹಾರಿನಲ್ಲಿ ಹಿಮದ ಟೈರು

ತಕರಾರು ಶುರುವಾದದ್ದು ನಾಲ್ಕು ಅಂಕಿಗಳಿಂದ. ಟೈರಿನ ಪಕ್ಕೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣಗೆ ಒತ್ತಿದ್ದವು: 2218. ಮೊದಲೆರಡು ವಾರ, ಉಳಿದೆರಡು ವರ್ಷ. ಅಂದರೆ ಟೈರು ಹುಟ್ಟಿ ಏಳು ವರ್ಷ. ಅರಬ್ ನಾಡಿನ ಸೊಹಾರಿನ ಗಾಡಿ ತಪಾಸಣೆಯವನು ಬಗ್ಗಿ ಅದನ್ನು ಓದಿದ, ಬಾಯಲ್ಲಿ ‘ಚ್’ ಅಂದ, ಕಾಗದದ ಮೇಲೆ ಅಡ್ಡಗೀಟು ಎಳೆದ.

“ಬಹುತ್ ಬುಡ್ಡಾ ಹೈ,” ಅಂದ ಹರಕು ಹಿಂದಿಯಲ್ಲಿ. “ಹೊಸತು ಹಾಕಿ ತಾ. ಎರಡು ಗಂಟೆಗೆ ಬಂದ್.”

ಪೂವಪ್ಪನವರಿಗೆ ಐವತ್ತೆರಡು. ಮುದುಕ ಎಂದದ್ದು ಟೈರಿಗೆ ಎಂದು ಗೊತ್ತಿದ್ದರೂ ಕೈ ತಾನಾಗಿ ತಲೆಗೆ ಹೋಗಿ, ಉಳಿದಿದ್ದ ಕೂದಲನ್ನು ಸರಿಮಾಡಿತು.

ಸ್ಟೀಲ್ ಕಾರ್ಖಾನೆಯ ಸ್ಟೋರಿನಲ್ಲಿ ಇಪ್ಪತ್ತು ವರ್ಷ ನಟ್ಟು ಬೋಲ್ಟು ಕಾದ ಮನುಷ್ಯ ಅವರು. ಕಂಪನಿ ಬಸ್ಸಿನ ಮೂರನೇ ಸೀಟು ಅವರ ಬೆನ್ನಿನ ಆಕಾರಕ್ಕೇ ತಗ್ಗಾಗಿತ್ತು. ಹೋದ ವರ್ಷ ಇಟಲಿಯ ಎಂಜಿನಿಯರೊಬ್ಬ ಊರಿಗೆ ಹೊರಡುವಾಗ ತನ್ನ ಕೆಂಪು ಸ್ಪೋರ್ಟ್ಸ್ ಕಾರನ್ನು ಅಗ್ಗದಲ್ಲಿ ಇವರಿಗೆ ಬಿಟ್ಟುಕೊಟ್ಟ. ಎರಡು ಬಾಗಿಲು, ಎರಡು ಸೀಟು, ನೆಲಕ್ಕೆ ಒಂದೇ ಗೇಣು. ಇಳಿಯುವಾಗ ಪೂವಪ್ಪನವರು ಮೊದಲು ಅಂಗೈ ಊರುತ್ತಿದ್ದರು, ಆಮೇಲೆ ಮಂಡಿ, ಕೊನೆಗೆ ಕಟೀಲಮ್ಮನ ಹೆಸರು. ಆದರೆ ಒಳಗೆ ಕೂತು ಸ್ಟೇರಿಂಗ್ ಹಿಡಿದರೆ ಅವರ ವಯಸ್ಸು ಮೂವತ್ತು ದಾಟುತ್ತಿರಲಿಲ್ಲ.

ಹೆಂಡತಿ ಸ್ವರ್ಣಲತಾಗೆ ಮಾತ್ರ ಅದು ಸವತಿ. ಕಾರಣ ಇಲ್ಲದೆ ಅಲ್ಲ. ಒಮ್ಮೆ ಅಂಗಡಿಯಿಂದ ಬರುವಾಗ ಪೂವಪ್ಪನವರು ಕುಚ್ಚಲಕ್ಕಿ ಮೂಟೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ಹೆಂಡತಿಯನ್ನು ಟ್ಯಾಕ್ಸಿಗೆ ಹತ್ತಿಸಿದ್ದರು. ಆ ಅಕ್ಕಿ ಮುಗಿದು ಎಂಟು ತಿಂಗಳಾಗಿದೆ. ಮಾತು ಮುಗಿದಿಲ್ಲ.

ಇವತ್ತು ಬೆಳಿಗ್ಗೆ ದೋಸೆ ಹಾಕುತ್ತಾ ಆಕೆ ತೀರ್ಮಾನ ಹೇಳಿದ್ದಳು. “ಗಾಡಿಯ ಮುಲ್ಕಿಯಾ, ರಿಜಿಸ್ಟ್ರೇಶನ್ನು, ಇವತ್ತಿಗೆ ಮುಗೀತದೆ ಅಲ್ವಾ? ತಪಾಸಣೆಯಲ್ಲಿ ಪಾಸಾಗದಿದ್ರೆ ಕಾರು ಜೋಸ್ಟನಿಗೆ. ಮಾತಾಡಿ ಆಗಿದೆ.”

ಜೋಸ್ಟನ್ ಪಕ್ಕದ ಫ್ಲಾಟಿನವನು, ಬಂದರಿನಲ್ಲಿ ಕ್ರೇನ್ ಓಡಿಸುವವನು. ಕಾರು ಬಂದ ದಿನದಿಂದ ಅದರ ಸುತ್ತ ಬೆಲ್ಲ ಕಂಡ ಇರುವೆಯಂತೆ ತಿರುಗುತ್ತಿದ್ದ.

ಪೂವಪ್ಪನವರು ಫೇಲಾದ ಕಾರಿನೊಂದಿಗೆ ಮನೆಯ ಹತ್ತಿರ ಬಂದಾಗ ಜೋಸ್ಟನ್ ಗೇಟಿನಲ್ಲೇ ಇದ್ದ. ರಾತ್ರಿ ಪಾಳಿ ಮುಗಿಸಿ ಬಂದವನು, ಕಣ್ಣು ಕೆಂಪಗೆ, ಆದರೂ ಮಲಗಿರಲಿಲ್ಲ. ಪಕ್ಕದಲ್ಲಿ ಮೇಲಿನ ಮನೆಯ ಅಂಬುಜಮ್ಮ. ಮಗ ಅನೂಪನ ಜೊತೆ ಇರಲು ಮೈಸೂರಿನಿಂದ ಬಂದು, ಈ ಕಟ್ಟಡದ ಎಲ್ಲರ ವಿಚಾರವನ್ನೂ ವಹಿಸಿಕೊಂಡವರು.

“ಏನಾಯ್ತು ಪೂವಪ್ಪಣ್ಣ, ಪಾಸಾ?” ಜೋಸ್ಟನ್ ಕೇಳಿದ.

“ಟೈರು ಹಳತಂತೆ.”

“ಛೆ,” ಅಂದ ಜೋಸ್ಟನ್. ಆ ‘ಛೆ’ಯಲ್ಲಿ ನಿಜವಾದ ದುಃಖ ಕೇಳಿಸಿತು. ಎಂಥಾ ನಟ ಇವನು ಎಂದುಕೊಂಡರು ಪೂವಪ್ಪನವರು.

ಅಂಬುಜಮ್ಮ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತೆಗೆದರು. “ಅಬ್ಬಾ, ಕಾವಲಿ ಕಾದ ಹಾಗೆ ಕಾದಿದೆ. ಪೂವಪ್ಪನೋರೇ, ಟೆರೇಸಿಗೆ ಆ ವಾಚ್ಮನ್ ಬೀಗ ಜಡಿದಿದ್ದಾನೆ. ಇದರ ಮೇಲೆ ಒಂದು ಪಂಚೆ ಹಾಸಿ ನಾಲ್ಕು ಸಂಡಿಗೆ ಇಡ್ಲಾ?”

“ಇದು ಓಡುವ ಗಾಡಿ ಅಮ್ಮ,” ಎಂದರು ಪೂವಪ್ಪನವರು ಬಿಗಿಯಾಗಿ.

“ನಾನೂ ಬರ್ತೇನೆ ಟೈರು ನೋಡ್ಲಿಕ್ಕೆ,” ಎಂದು ಜೋಸ್ಟನ್ ಕರೆಯದೆಯೇ ಅಕ್ಕಿ ಮೂಟೆಯ ಸೀಟಿನಲ್ಲಿ ಕೂತುಬಿಟ್ಟ.

ಗ್ಯಾರೇಜುಗಳ ಸಾಲಿನಲ್ಲಿ ಐದು ಅಂಗಡಿ ಸುತ್ತಿದರು. ಎಲ್ಲಿ ಕೇಳಿದರೂ ಆ ಸೈಜಿಲ್ಲ. ಆರನೆಯದು ಉಳ್ಳಾಲದ ಇಸುಬುವಿನದು.

“ಇದು ಕಷ್ಟದ ಗಾಡಿ ಪೂವಪ್ಪಣ್ಣ,” ಎಂದ ಇಸುಬು. “ಮುಂದಿನ ಟೈರು ಸಪೂರ, ಹಿಂದಿನದು ಅಗಲ. ಸೊಹಾರಿನಲ್ಲಿ ಇಂಥದ್ದು ಎಷ್ಟುಂಟು? ನಿಮ್ಮದೊಂದು. ಒಂದು ಸೆಟ್ ಇದೆ, ಹೊಚ್ಚ ಹೊಸತು. ಯುರೋಪಿಗೆ ಹೋಗ್ಬೇಕಾದ ಮಾಲು, ದಾರಿ ತಪ್ಪಿ ಬಂದದ್ದು. ಆದ್ರೆ…”

ಪೂವಪ್ಪನವರು ‘ಆದ್ರೆ’ ಕೇಳಿಸಿಕೊಳ್ಳಲಿಲ್ಲ. ಬಗ್ಗಿ ಅಂಕಿ ನೋಡಿದರು: 0825. ನಾಲ್ಕು ತಿಂಗಳ ಕೂಸು.

ಜೋಸ್ಟನ್ ಟೈರನ್ನು ತಿರುಗಿಸಿ ಒಂದು ಗುರುತಿನ ಮೇಲೆ ಬೆರಳಿಟ್ಟ. ಸಣ್ಣ ಬೆಟ್ಟ, ಅದರೊಳಗೆ ಹಿಮದ ಹರಳು. “ಬೇಡ ಪೂವಪ್ಪಣ್ಣ. ಇದು ಹಿಮ ಬೀಳುವ ಊರಲ್ಲಿ ಚಳಿಗಾಲಕ್ಕೆ ಹಾಕುವ ಟೈರು. ರಬ್ಬರು ಮೆದು. ನಮ್ಮ ಜೂನ್ ಬಿಸಿಲಿಗೆ ಹಲ್ವ ಆಗ್ತದೆ. ಅಲ್ ಮವಾಲೇಹ್‌ನಲ್ಲಿ ನನ್ನ ದೋಸ್ತಿ ಇದ್ದಾನೆ, ಸರಿಯಾದ್ದು ಕಳಿಸ್ತಾನೆ. ಹನ್ನೆರಡೂವರೆಗೆಲ್ಲ ಬರ್ತದೆ.”

“ಅವ ಹೇಳುವುದು ಸರಿ,” ಎಂದ ಇಸುಬು. “ನನ್ನ ಮಾಲು ಅಂತ ಸುಳ್ಳು ಹೇಳುವುದಿಲ್ಲ.”

ಪೂವಪ್ಪನವರ ತಲೆ ಸ್ಟೋರ್ ಕೀಪರಿನ ತಲೆ. ಎಲ್ಲದಕ್ಕೂ ಲೆಕ್ಕ ಹೊಂದಬೇಕು. ಹೊಂದಿತು. ಕಾರು ಫೇಲಾದರೆ ಜೋಸ್ಟನಿಗೆ. ಇಲ್ಲಿ ಟೈರು ಎದುರಿಗಿದೆ, ಇವನು ಇನ್ನೂರು ಕಿಲೋಮೀಟರ್ ದೂರದ್ದನ್ನು ತೋರಿಸುತ್ತಿದ್ದಾನೆ. ಹನ್ನೆರಡೂವರೆ ಎಂದದ್ದು ಎರಡೂವರೆ ಆಗುತ್ತದೆ, ಕೇಂದ್ರ ಮುಚ್ಚುತ್ತದೆ, ಕೀಲಿಕೈ ಇವನ ಜೇಬಿಗೆ. ಇಸುಬು ತನ್ನ ಮಾಲನ್ನು ತಾನೇ ಬೇಡ ಅನ್ನುತ್ತಾನೆ ಅಂದರೆ ಅವನಿಗೂ ಇವನು ಮೊದಲೇ ಟೀ ಕುಡಿಸಿರಬೇಕು.

ಪೂವಪ್ಪನವರು ಮುಖದಲ್ಲಿ ನಗು ತಂದುಕೊಂಡರು. “ನೀನು ಹೇಳಿದ ಮೇಲೆ ಮುಗೀತು ಮಾರಾಯ. ದೋಸ್ತಿಯ ನಂಬರು ಕೊಡು, ನಾನೇ ಮಾತಾಡ್ತೇನೆ. ನೀನು ಟ್ಯಾಕ್ಸಿ ಹಿಡಿದು ಹೋಗಿ ಮಲಗು, ಪಾಪ.”

ಜೋಸ್ಟನ್ ಚೀಟಿಯಲ್ಲಿ ನಂಬರು ಬರೆದುಕೊಟ್ಟ. ಹೋಗುವಾಗ ಎರಡು ಸಲ ತಿರುಗಿ ನೋಡಿದ. “ಆ ಹಿಮದ್ದು ಮಾತ್ರ ಹಾಕಿಸ್ಬೇಡಿ ಆಯ್ತಾ?”

ಟ್ಯಾಕ್ಸಿ ಮರೆಯಾದದ್ದೇ ಪೂವಪ್ಪನವರು ಚೀಟಿಯನ್ನು ಉಂಡೆ ಮಾಡಿದರು. “ಇಸುಬು, ಯಲ್ಲಾ, ಬೇಗ. ಇದನ್ನೇ ಹಾಕು.”

“ಹಾಕಿದ ಮೇಲೆ ವಾಪಸ್ ಇಲ್ಲ ಪೂವಪ್ಪಣ್ಣ.”

“ವಾಪಸ್ ಯಾರಿಗೆ ಬೇಕು?”

ಒಂದೂಕಾಲಿಗೆ ಕಾರು ತಪಾಸಣಾ ಕೇಂದ್ರದಲ್ಲಿತ್ತು. ಬೆಳಗಿನವನೇ ಬಗ್ಗಿ ಅಂಕಿ ಓದಿದ, ಹುಬ್ಬೇರಿಸಿದ. “ಮಾಶಾಲ್ಲಾ. ಇದು ಬಚ್ಚಾ,” ಎಂದು ಠಸ್ಸೆ ಒತ್ತಿದ. ಪೂವಪ್ಪನವರು ಹೊಸ ಮುಲ್ಕಿಯಾವನ್ನು ಪ್ರಸಾದದಂತೆ ಎರಡು ಕೈಯಲ್ಲಿ ತೆಗೆದುಕೊಂಡರು.

ದಾರಿಯಲ್ಲಿ ಕಾರು ಸ್ವಲ್ಪ ಬೇರೆ ಥರ ಇತ್ತು. ಮೊದಲ ರೌಂಡಬೌಟಿನಲ್ಲಿ ಮುಂಭಾಗ ಎಡಕ್ಕೆ ಹೋಯಿತು, ಹಿಂಭಾಗ ಯೋಚನೆ ಮಾಡಿ ಆಮೇಲೆ ಬಂತು. ಎರಡನೆಯದರಲ್ಲಿ ಹಿಂಭಾಗ ಬರುವುದೇ ಬೇಡ ಎಂದಿತು. ಹಸಿ ರಬ್ಬರಿನ ವಾಸನೆ ಒಳಗೆಲ್ಲ ತುಂಬಿತು. ಹೊಸ ಸೊಸೆಯ ಹಾಗೆ, ಮನೆಗೆ ಹೊಂದಿಕೊಳ್ಳಲು ಸಮಯ ಬೇಕು ಎಂದುಕೊಂಡು ಪೂವಪ್ಪನವರು ನೀರಿನ ಟ್ಯಾಂಕರೊಂದರ ಹಿಂದೆ ಮೆರವಣಿಗೆಯಂತೆ ಬಂದರು. ಒಂದು ಸೈಕಲ್ಲು ಅವರನ್ನು ದಾಟಿ ಹೋಯಿತು.

ಗೇಟಿನಲ್ಲಿ ಅಂಬುಜಮ್ಮ ಸೇರಿ ಮೂವರಿದ್ದರು. ಸ್ವರ್ಣಲತಾ ಒಳ್ಳೆಯ ಸೀರೆ ಉಟ್ಟಿದ್ದಳು. ಜೋಸ್ಟನ್ ಇಸ್ತ್ರಿ ಅಂಗಿ ಹಾಕಿದ್ದ. ಅವನ ಕೈಯಲ್ಲಿ ಕನ್ನಡಿಗೆ ನೇತುಹಾಕುವ ಚಿಕ್ಕ ಜಪಮಾಲೆ.

“ಪಾಸು,” ಎಂದರು ಪೂವಪ್ಪನವರು, ಅಂಗೈ ಊರಿ ಮೇಲೇಳುತ್ತಾ. “ಈಗ ಹೇಳು ಜೋಸ್ಟನ್.”

“ದೇವರು ದೊಡ್ಡವ,” ಎಂದು ಜೋಸ್ಟನ್ ಅವರನ್ನು ಅಪ್ಪಿಕೊಂಡ. “ಕೀ ಕೊಡಿ ಪೂವಪ್ಪಣ್ಣ.”

“ಯಾವ ಕೀ?”

ಸ್ವರ್ಣಲತಾ ಸಮಾಧಾನವಾಗಿ ಹೇಳಿದಳು: “ಅವನಿಗೆ ಕೊಟ್ಟಾಗಿದೆ. ಹೊಸ ಮುಲ್ಕಿಯಾ ಇದ್ರೆ ಮಾತ್ರ ತಗೊಳ್ತೇನೆ ಅಂತ ಅವ ಹೋದ ವಾರವೇ ಹೇಳಿದ್ದ.”

“ಫೇಲಾದ್ರೆ ಅವನಿಗೆ ಅಂತ ಅಲ್ವಾ ನೀನು ಹೇಳಿದ್ದು?”

“ಹೌದು. ಪಾಸಾದ್ರೆ ನಿಮಗೆ ಅಂತ ಹೇಳಿದ್ದೆನಾ? ಹಾಗೆ ಹೆದರಿಸದಿದ್ರೆ ನೀವು ಬಿಸಿಲಲ್ಲಿ ತಿರುಗಿ ಟೈರು ಹಾಕಿಸ್ತಿದ್ರಾ?”

“ಮತ್ತೆ ನಾನು ನಿದ್ದೆ ಬಿಟ್ಟು ನಿಮ್ಮ ಹಿಂದೆ ಬಂದದ್ದು ಯಾಕೆ ಅಂದುಕೊಂಡ್ರಿ?” ಎಂದ ಜೋಸ್ಟನ್. “ನಾಳೆ ನಾನು ಓಡಿಸುವ ಗಾಡಿಗೆ ಕೆಟ್ಟ ಟೈರು ಬೀಳಬಾರದು ಅಂತ.”

ಹಾಗೆಂದವನು ಪ್ರೀತಿಯಿಂದ ಹಿಂದಿನ ಟೈರಿನ ಮೇಲೆ ಕೈ ಇಟ್ಟ. ಕೈ ಅಲ್ಲೇ ನಿಂತಿತು. ನಿಧಾನ ಬಗ್ಗಿ ನೋಡಿದ. ಸಣ್ಣ ಬೆಟ್ಟ, ಹಿಮದ ಹರಳು. ಉಗುರು ಒತ್ತಿದ, ಗುರುತು ಬಿತ್ತು. ಜಪಮಾಲೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, “ಸಾರಿ ಅಕ್ಕ, ನನಗೆ ಬೇಡ,” ಎಂದು ಮಲಗಲು ಹೋದ.

ಪೂವಪ್ಪನವರ ಎದೆಯಲ್ಲಿ ಚೆಂಡೆ ಬಾರಿಸಿದಂತಾಯಿತು. ಕಾರು ಉಳಿಯಿತು. ಹೆಂಡತಿಯ ಎದುರು ನಗಬಾರದೆಂದು ತುಟಿ ಕಚ್ಚಿಕೊಂಡರು.

ಸ್ವರ್ಣಲತಾ ಟೈರನ್ನೂ ಗಂಡನನ್ನೂ ನೋಡಿದಳು. “ಆಯ್ತು. ಇಟ್ಟುಕೊಳ್ಳಿ. ಆದ್ರೆ ಈ ಟೈರು ಸವೆಯುವ ತನಕ ಮನೆಗೆ ಇನ್ನೊಂದು ಟೈರು ಬಂದ್ರೆ ನಾನು ಊರಿಗೆ ಹೋಗ್ತೇನೆ.”

ಸವೆಯಬೇಕಾದರೆ ಓಡಿಸಬೇಕು. ಓಡಿಸಲು ಹಿಮ ಬೀಳಬೇಕು. ಪೂವಪ್ಪನವರು ತಲೆಯೆತ್ತಿ ಸೊಹಾರಿನ ಆಕಾಶ ನೋಡಿದರು. ನಲವತ್ತೇಳು ಡಿಗ್ರಿ. ಒಂದು ಮೋಡವೂ ಇರಲಿಲ್ಲ.

ಮರುವಾರ ಕೆಲಸಕ್ಕೆ ಹೊರಟಾಗ ಕಂಪನಿ ಬಸ್ಸಿನಲ್ಲಿ ಮೂರನೇ ಸೀಟು ಅವರಿಗಾಗಿ ತಗ್ಗಾಗಿಯೇ ಇತ್ತು. ಕಿಟಕಿಯಿಂದ ಕೆಂಪು ಕಾರು ಕಾಣುತ್ತಿತ್ತು. ಬಾನೆಟ್ಟಿನ ಮೇಲೆ ಬಿಳಿ ಪಂಚೆ, ಪಂಚೆಯ ಮೇಲೆ ಸಾಲುಸಾಲಾಗಿ ಸಂಡಿಗೆ. ಅಂಬುಜಮ್ಮ ಕೊಡೆ ಹಿಡಿದು ಕಾಗೆ ಕಾಯುತ್ತಿದ್ದರು. ಬಸ್ಸು ಹೊರಡುವಾಗ ಅವರು ಕೂಗಿ ಹೇಳಿದ್ದು ಬಸ್ಸಿನವರಿಗೆಲ್ಲ ಕೇಳಿಸಿತು:

“ಪೂವಪ್ಪನೋರೇ, ನಾಳೆ ಹಿಂದುಗಡೆ ಡಿಕ್ಕಿ ಮೇಲೂ ಇಡ್ತೀನಿ ಕಣಪ್ಪ. ಸದ್ಯಕ್ಕೆ ಗಾಡಿ ಅಲ್ಲಾಡಿಸಬೇಡಿ.”