ಮಾವ ಸುತ್ತಿದ ಬೇಸ್ ಗಿಟಾರು

ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಊರು ಜಾಲಾಡಿದರೂ ಗಿಟಾರಿನ ನಾದವನ್ನು ನನ್ನ ಸೋದರಮಾವನಷ್ಟು ಬಲ್ಲವರು ಸಿಗುವುದಿಲ್ಲ. ಮಾವನಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ಬೇರೆ ಮಾತು!

ನಗಬೇಡಿ. ಪೂರ್ತಿ ಕಿವುಡನೇನಲ್ಲ. ಹರೆಯದಲ್ಲಿ ಸಂಡೂರಿನ ಕಡೆ ಗಣಿಯೊಂದರ ಕ್ರಷರ್ ಪಕ್ಕದಲ್ಲಿ ಕೆಲಸ, ಆಮೇಲೆ ಹೊಸಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿ ರೈತರ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಇಷ್ಟೆಲ್ಲ ಗದ್ದಲದಲ್ಲಿ ಕಿವಿ ಮುಕ್ಕಾಲು ಹೋಯಿತು. ಅತ್ತೆಯ ಬೈಗುಳ, ಫೋನಿನ ಗಂಟೆ, ಟಿವಿ ಯಾವುದೂ ಮುಟ್ಟುವುದಿಲ್ಲ. ಕಿವಿಯ ಮಷೀನು ಕೊಡಿಸಿದರೆ "ಇದರ ವೈಂಡಿಂಗ್ ಸರಿ ಇಲ್ಲ" ಎಂದು ಬಿಚ್ಚಿ ಹಾಕಿದ. ಅದು ಈಗಲೂ ಡಬ್ಬಿಯೊಂದರಲ್ಲಿ ಏಳು ತುಂಡಾಗಿ ಕೂತಿದೆ. ಇಂಥವನ ಕೈಗೆ ನನ್ನ ಬೇಸ್ ಗಿಟಾರನ್ನು ನಾನೇ ಹೋಗಿ ಕೊಟ್ಟೆನೆಂದರೆ ನನ್ನ ಬುದ್ಧಿ ಎಷ್ಟಿರಬೇಕು ನೋಡಿ!

ನಾನು ಮಾವನ ಮನೆಯಲ್ಲೇ ಇದ್ದುಕೊಂಡು ಕುರೆಕುಪ್ಪದ ಕಡೆ ಕಾರ್ಖಾನೆಯಲ್ಲಿ ದುಡಿಯುವವನು. ರಜೆಯ ದಿನ ಆರ್ಕೆಸ್ಟ್ರಾದ ಕಲಾವಿದ. ಬೇಸ್ ಗಿಟಾರೆಂದರೆ ನಾಲ್ಕು ದಪ್ಪ ತಂತಿಯದು, ಎಲ್ಲರ ಹಿಂದೆ ನಿಂತು ದುಂ ದುಂ ಅನ್ನುವಂಥದ್ದು. ಮದುವೆಯಲ್ಲಿ ಜನ ಗಾಯಕಿಯನ್ನು ನೋಡುತ್ತಾರೆ, ಆಮೇಲೆ ಊಟದ ಪಂಕ್ತಿ ಖಾಲಿಯಾಯಿತೇ ನೋಡುತ್ತಾರೆ. ಬೇಸ್‌ನವನನ್ನು ನೋಡುವುದು ಅವನು ವೈರಿಗೆ ಕಾಲು ಸಿಕ್ಕಿ ಬಿದ್ದಾಗ ಮಾತ್ರ. ನಾನು ಎರಡು ಸಲ ಬಿದ್ದಿದ್ದೇನೆ. ಮಿಕ್ಕ ದಿನಗಳಲ್ಲಿ ನನ್ನ ಅಗ್ಗದ ಗಿಟಾರು ದುಂ ಅನ್ನುವ ಬದಲು ಪುಸ್ ಅನ್ನುತ್ತಿತ್ತು. ಕೊನೆಗೊಂದು ದಿನ ಆರ್ಕೆಸ್ಟ್ರಾದ ಯಜಮಾನರು ಕರೆದು ಹೇಳಿದರು:

"ನೋಡಪ್ಪಾ, ಹನ್ನೆರಡು ವರ್ಷ ಆತು ಬಾರಸಾಕತ್ತಿ, ಒಂದಿನಾನೂ ನಿಂದು ಕೇಳಿಲ್ಲ. ಕೀಬೋರ್ಡಿನವ ನಾನೇ ಎಡಗೈಲೆ ಬೇಸ್ ಬಾರಸ್ತೀನಿ ಅಂತಾನ. ಕಂಪ್ಲಿ ಮದುವಿ ಪ್ರೋಗ್ರಾಮಿನಾಗ ನಿಂದು ಕೇಳಿಸ್ಬೇಕು. ಇಲ್ಲಂದ್ರ ಮನ್ಯಾಗ ಕುಂದ್ರು."

ಹನ್ನೆರಡು ವರ್ಷದ ನನ್ನ ಕಲೆಗೆ ಬದಲು ಇನ್ನೊಬ್ಬನ ಎಡಗೈಯೇ? ಅದೂ ಖಾಲಿ ಇದ್ದ ಎಡಗೈ! ತಪ್ಪು ಗಿಟಾರಿನದು, ನನ್ನದಲ್ಲ ಎಂಬುದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಕೂತೆ. ತಂತಿಗಳ ಕೆಳಗೆ ಪಿಕಪ್ ಎಂಬುದೊಂದಿರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಂಥ ತಾಮ್ರದ ತಂತಿ ಸುತ್ತಿರುತ್ತಾರೆ, ಅದನ್ನು ಹೊಸದಾಗಿ ಸುತ್ತಿದರೆ ನಾದವೇ ಬದಲಾಗುತ್ತದೆ ಎಂದು ಗೊತ್ತಾಯಿತು. ತಾಮ್ರದ ತಂತಿ ಸುತ್ತುವವನು ನಮ್ಮ ಮನೆಯಲ್ಲೇ ಇದ್ದಾನಲ್ಲ!

ಮಾವ ಗಿಟಾರನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ ಕೇಳಿದ: "ಎಷ್ಟು ಎಚ್‌ಪಿ?"

"ಮಾವಾ, ಇದು ಮೋಟಾರಲ್ಲ!" ಎಂದು ಕಿವಿಯ ಹತ್ತಿರ ಕೂಗಿದೆ.

"ಹಂಗಾರ ಸಿಂಗಲ್ ಫೇಸೇನು?"

ಆದರೂ ಕೈಯೆಂದರೆ ಕೈ! ಮೊದಲು ದಾರ ಎಳೆದು ಹಿಡಿದು ಗಿಟಾರಿನ ಕುತ್ತಿಗೆ ಬಾಗಿದ್ದನ್ನು ಕಂಡುಹಿಡಿದ. ಒಳಗಿನ ಸರಳನ್ನು ದಿನಕ್ಕಿಷ್ಟೇ ತಿರುವಿ, ನಾಲ್ಕು ದಿನದಲ್ಲಿ ನೆಟ್ಟಗೆ ಮಾಡಿದ. ಆಮೇಲೆ ತಂತಿಗಳು ತಲೆಯ ಹತ್ತಿರ ಹಾಯುವ ಪ್ಲಾಸ್ಟಿಕ್ ಪಟ್ಟಿಯ ಸರದಿ. ನಾನು ನನ್ನ ವಿಡಿಯೋ ಪಾಂಡಿತ್ಯ ತೋರಿಸಲು ಹೋಗಿ, "ಇಲ್ಲಿ ಎಲುಬಿಂದು ಹಾಕಿದ್ರ ಚಲೋ ಬರ್ತೈತಂತ ಮಾವಾ!" ಅಂದೆ. ಮಾವನಿಗೆ ಕೇಳಿಸುವಂತೆ ಹೇಳಿದರೆ ಇಡೀ ಓಣಿಗೆ ಕೇಳಿಸುತ್ತದೆ. ಅಂಗಡಿಯ ಹಿಂದೆಯೇ ಮನೆ. ಅತ್ತೆ ಸೌಟು ಹಿಡಿದೇ ಹೊರಗೆ ಬಂದಳು.

"ಏನಂದಿ? ಎಲುಬಾ? ಲಿಂಗಪೂಜಿ ಆಗೋ ಮನ್ಯಾಗ ಎಲುಬು ತರ್ತೀಯೇನಲೇ ಖೋಡಿ?"

ಎಲುಬಿನ ವಿಚಾರ ಅಲ್ಲಿಗೆ ಮುಗಿಯಿತು. ಪಕ್ಕದ ಮನೆಯವರು ಮಾತ್ರ ವಾರಗಟ್ಟಲೆ ನನ್ನ ಟಿಫಿನ್ ಡಬ್ಬಿಯನ್ನು ಅನುಮಾನದಿಂದ ನೋಡಿದರು. ಮಾವ ಹಳೆಯ ಪಂಪಿನ ಬುಷ್ ಎಂಬ ಹಿತ್ತಾಳೆ ಬಳೆ ಕೊಯ್ದು, ಉಜ್ಜಿ, ಚಂದದ ಪಟ್ಟಿ ಮಾಡಿ ಕೂರಿಸಿದ. "ಕಮಲಾಪುರದಾಗ ಬಾಳಿ ತ್ವಾಟಕ್ಕ ನೀರ್ ಎತ್ತಿದ್ದು ಇದು. ನಿನ್ನ ಹಾಡು ಎತ್ತಲ್ಲೇನು?" ಅಂದ.

ಪಿಕಪ್ಪಿಗೆ ಬೇಕಾದ ತೆಳುತಂತಿಯನ್ನು ಗುಜರಿಯಲ್ಲಿ ಸಿಕ್ಕ ಹಳೆಯ ರಿಲೇ ಸ್ವಿಚ್ಚಿನ ಸುರುಳಿಯಿಂದ ಬಿಚ್ಚಿದ. ಸುತ್ತಿ, ವಾರ್ನಿಷ್ ಹೊಡೆದು, ಬಲ್ಬಿನ ಕೆಳಗೆ ಒಣಗಿಸಿ, ಪರೀಕ್ಷೆಗೆ ಕೂತ. ಪರೀಕ್ಷೆ ಹೇಗೆ ಅಂತೀರಿ? ಗಿಟಾರಿನ ಮೈಯ ಮೇಲ್ತುದಿಯ ಕೊಂಬನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಣ್ಣು ಮುಚ್ಚಿ, ಕೈಸನ್ನೆಯಲ್ಲೇ "ಬಾರಸು" ಅನ್ನುವುದು! ನಾನು ಬಾರಿಸಬೇಕು, ಅವನು ಕಚ್ಚಬೇಕು. ಕಿವಿಗೆ ಮುಟ್ಟದ ನಾದ ಹಲ್ಲಿನಿಂದ ಅದುರುತ್ತ ತಲೆಗೆ ಹತ್ತುತ್ತದಂತೆ. ಮೋಟಾರು ಒಯ್ಯಲು ಬಂದಿದ್ದ ಬಂಡ್ರಿಯ ರೈತರೊಬ್ಬರು ಬಾಗಿಲಲ್ಲೇ ನಿಂತು, "ಯಾಕ್ರಿ, ನಿಮ್ಮ ಮಾವಗ ಊಟಾ ಹಾಕಿಲ್ಲೇನ್ರಿ?" ಎಂದು ಕೇಳಿದರು. ಮೂರು ಸಲ ಸುತ್ತಿದ, ಎರಡು ಸಲ ಬಿಚ್ಚಿದ. ಮೂರನೆಯ ಸಲ ಕಚ್ಚಿದವನು ಎಷ್ಟೋ ಹೊತ್ತು ಬಿಡಲೇ ಇಲ್ಲ.

ಮದುವೆಯ ದಿನ ಕಂಪ್ಲಿಗೆ ಮಾವನೂ ಬಂದ. ಜೊತೆಗೊಂದು ಚೀಲ. ಗಿಟಾರಿಗೆ ವೈರು ಚುಚ್ಚಿದರೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು! ಯಜಮಾನರು ಆಗಲೇ ಕೀಬೋರ್ಡಿನವನ ಎಡಗೈ ನೋಡುತ್ತಿದ್ದರು. ಮಾವ ಸ್ಪೀಕರ್ ಡಬ್ಬಿಯ ಮೇಲೆ ಅಂಗೈ ಇಟ್ಟು, "ಅರ್ಥಿಂಗ್ ಇಲ್ಲ" ಎಂದು ತೀರ್ಪು ಕೊಟ್ಟು ಮಂಟಪದ ಹಿಂದೆ ಹೋದ. ಚೀಲದಿಂದ ಉಪ್ಪು, ಇದ್ದಿಲು, ಪೈಪು, ಗಿಡ್ಡ ಹಾರೆ ಹೊರಬಂದವು. ಮೋಟಾರಿಗೆ ಮಾಡುವ ಹಾಗೆ ಕರೆಂಟನ್ನು ನೆಲಕ್ಕಿಳಿಸಲು ಗುಂಡಿ ತೋಡತೊಡಗಿದ. ಅದು ಮದುಮಗಳ ಅಜ್ಜಿಯ ಕಣ್ಣಿಗೆ ಬೀಳಬೇಕೇ?

"ಅಯ್ಯೋ ಶಿವನ! ಮದುಮಕ್ಕಳ ಮ್ಯಾಲೆ ಅಕ್ಕಿಕಾಳು ಬಿದ್ದು ತಾಸಾಗಿಲ್ಲ, ಉಪ್ಪು ಇದ್ದಲಿ ಹೂಳಾಕತ್ಯಾನ! ಮಾಟ ಮಾಡ್ಸಾಕತ್ಯಾರೋ!"

ಹತ್ತು ಜನ ತೋಳೇರಿಸಿಕೊಂಡು ಓಡಿಬಂದರು. ನಾನು ಗಾಯಕಿಯ ಹಿಂದೆ ಅಡಗಿದೆ. ಮಾವನಿಗೆ ಬೈಗುಳ ಕೇಳಿಸಿದರೆ ತಾನೇ? ನೆರವಿಗೆ ಬಂದರೆಂದುಕೊಂಡು ಎಲ್ಲರಿಗಿಂತ ಮುಂದಿದ್ದ ಮದುಮಗಳ ಅಣ್ಣನ ಕೈಗೆ ಹಾರೆ ಕೊಟ್ಟು, "ಇನ್ನೂ ಎರಡು ಫೂಟ್ ತಗೀರಿ, ಪುಣ್ಯಾ ಬರ್ತೈತಿ" ಅಂದ. ಅಣ್ಣ ಗುಂಡಿ ನೋಡಿದ, ಪೈಪು ನೋಡಿದ. ಅವನ ಹೊಲದಲ್ಲೂ ಪಂಪ್‌ಸೆಟ್ ಇತ್ತು ಅಂತ ಕಾಣುತ್ತದೆ. "ಏ, ಅರ್ಥಿಂಗ್ ಐತಿ ಸುಮ್ನಿರ್ರಿ!" ಎಂದು ತಾನೇ ತೋಡಿಕೊಟ್ಟ. ಎರಡು ಕೊಡ ನೀರು ಹುಯ್ದು ವೈರು ಕಟ್ಟಿದರು. ಗುಂಯ್ ನಿಂತಿತು.

ನಾನು ಬಾರಿಸಿದೆ. ದುಂ! ಊಟದ ಪಂಕ್ತಿಯವರೆಗೂ ಕೇಳಿಸಿತು. ಕಷ್ಟ ಶುರುವಾಗಿದ್ದೇ ಅಲ್ಲಿ. ಹನ್ನೆರಡು ವರ್ಷದಿಂದ ನಾನು ಏನು ಬಾರಿಸುತ್ತಿದ್ದೆ ಎಂಬುದು ಮೊದಲ ಸಲ ಎಲ್ಲರಿಗೂ ಗೊತ್ತಾಯಿತು. ನನಗೂ! ಪಲ್ಲವಿಯಲ್ಲಿ ತಾಳಕ್ಕಿಂತ ಮುಂದೆ, ಚರಣದಲ್ಲಿ ಹಿಂದೆ, ನಡುವೆ ಒಮ್ಮೆ ಬೇರೆ ಹಾಡಿನಲ್ಲೇ ಇದ್ದೆ. ಗಾಯಕಿ ಹಾಡುತ್ತಲೇ ತಿರುಗಿ ನೋಡಿದಳು. ಹನ್ನೆರಡು ವರ್ಷದಲ್ಲಿ ಅದೇ ಮೊದಲು ಅವಳು ನನ್ನ ಕಡೆ ನೋಡಿದ್ದು.

ಕಾರ್ಯಕ್ರಮ ಮುಗಿದ ಮೇಲೆ ಯಜಮಾನರು ಹೆಗಲ ಮೇಲೆ ಕೈ ಹಾಕಿದರು. "ನಾದ ಮಸ್ತ್ ಐತಪ್ಪಾ. ಅದಕ್ಕ ಹೇಳಾಕತ್ತೀನಿ, ನಾಳಿಂದ ಬರಬ್ಯಾಡ."

ಆರ್ಕೆಸ್ಟ್ರಾ ಹೋದರೆ ಹೋಗಲಿ. ಮಾವನಿಗೆ ಹೇಗೆ ಹೇಳುವುದು? ಅವನು ಇಡೀ ಕಾರ್ಯಕ್ರಮ ಸ್ಪೀಕರಿನ ಪಕ್ಕ ಕುರ್ಚಿ ಹಾಕಿಕೊಂಡು, ಡಬ್ಬಿಗೆ ಬೆನ್ನು ಆನಿಸಿ ಕೂತಿದ್ದ. ಈಗಲೂ ಎದ್ದಿರಲಿಲ್ಲ. ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದೆ: "ನನ್ನ ತಗದ್ರು ಮಾವಾ. ಭಾಳ ತಪ್ಪು ಬಾರಿಸಿದೆ. ನಿನ್ನ ಕೆಲಸಾ ಎಲ್ಲಾ ಹಾಳು ಮಾಡಿಬಿಟ್ಟೆ."

ಮಾವ ನನ್ನ ಮುಖ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು, ಬಾಯಿ ನಗುತ್ತಿತ್ತು.

"ಗೊತ್ತೈತಿ ಬಿಡ್ಲೇ ಅಳಿಯಾ. ಮೂರನೇ ಹಾಡಿನಾಗ ಮುಂದ ಓಡಿದಿ, ಐದನೇದ್ರಾಗ ಎಡವಿದಿ." ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. "ಹಾಡು ಅಂತ ಒಂದು ಕೇಳಿ ಎಷ್ಟ್ ವರ್ಷ ಆಗಿತ್ತು ಗೊತ್ತೇನು? ಇವತ್ತು ನಿನ್ನ ತಪ್ಪು ಸೈತ ಕೇಳಿಸ್ತು ನನಗ. ಇನ್ನೊಂದು ಬಾರಸು."

ನನಗೆ ಅಳು ಬಂತು. ಡಬ್ಬಿಯ ವೈರು ಇನ್ನೂ ಬಿಚ್ಚಿರಲಿಲ್ಲ. ಖಾಲಿ ಪೆಂಡಾಲಿನಲ್ಲಿ ನಿಂತು, ಗೊತ್ತಿದ್ದ ಹಾಡೊಂದನ್ನು ಬಾರಿಸಿದೆ. ಅದರಲ್ಲೂ ಎರಡು ಕಡೆ ತಪ್ಪಿದೆ. ಎರಡೂ ಸಲ ಮಾವ ಖುಷಿಯಿಂದ ತಲೆಯಾಡಿಸಿದ.