ಎಲ್ಲಿಗೆ ಎಂದು ಕೇಳಬಾರದ ಟಿಕೆಟ್ ಕಿಟಕಿ

ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಯಾರಾದರೂ ಚೀಲ ಹಿಡಿದು ಹೊರಟರೆ ನನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಯುದ್ಧದ ಕಾಲದಲ್ಲಿ ಮಾಲೂರಿನ ರೈಲು ಸ್ಟೇಷನ್ನಿನಲ್ಲಿ ಟಿಕೆಟ್ ಗುಮಾಸ್ತನಾಗಿದ್ದ ನನಗೆ ದಿನ ಬೆಳಗಾದರೆ ಇದೇ ಪ್ರಾರಬ್ಧ.

ಒಂದು

ಟಿಕೆಟ್ ಕೊಡಬೇಕಾದರೆ "ಎಲ್ಲಿಗೆ?" ಎಂದು ಕೇಳಲೇಬೇಕು. ಹೊರಟವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಸೀಮೆಯ ನಂಬಿಕೆ. ಕೇಳಿದ್ದೇ ತಡ, ಜನ ಮುಖ ಸಿಂಡರಿಸಿಕೊಂಡು, ದೋಷ ಕಳೆಯಲೆಂದು ಹಿಂದೆ ಹೋಗಿ, ಬೆಂಚಿನ ಮೇಲೆ ಕೂತು, ನೀರು ಕುಡಿದು, ಮತ್ತೆ ಸಾಲಿನ ಕೊನೆಗೆ ಬಂದು ನಿಲ್ಲುತ್ತಿದ್ದರು. ಸಾಕಾಗಿಹೋಗಿ, ಮನೆಗಳಲ್ಲಿ ಕೇಳುವ ಹಾಗೆ "ದೂರವೇ?" ಎನ್ನತೊಡಗಿದೆ. ತಾಯಲೂರಿನ ರೈತರೊಬ್ಬರು "ಇಲ್ಲ ಸ್ವಾಮಿ, ಹತ್ತಿರಾನೇ" ಎಂದು ಕೈ ಚಾಚಿ ನಿಂತರು. 'ಹತ್ತಿರ' ಎಂಬ ಹೆಸರಿನ ಊರಿಗೆ ನಮ್ಮ ರೈಲು ಹೋಗುತ್ತಿರಲಿಲ್ಲ.

ಎರಡು

ಬಾಂಬು ಬಿದ್ದರೆ ಅವಿತುಕೊಳ್ಳಲೆಂದು ಪ್ಲಾಟ್‌ಫಾರಂ ಪಕ್ಕ ನೆಲದೊಳಗೆ ಗುಂಡಿ ತೋಡಿಸಿದ್ದರು. ಬಾಂಬು ಬರಲಿಲ್ಲ, ಗಂಟುಗಳು ಬಂದವು. ಹೊರಡುವ ಹೊತ್ತಿಗೆ ರಾಹುಕಾಲವಿದ್ದರೆ ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಮನೆಯಿಂದ ಆಚೆ ಇಟ್ಟುಬಿಡುವುದು ಇಲ್ಲಿನ ಪದ್ಧತಿ. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಅದಕ್ಕೆ ಈ ಗುಂಡಿ ಎಲ್ಲರಿಗೂ ಅನುಕೂಲವಾಯಿತು.

ತಪಾಸಣೆಗೆ ಬಂದ ಅಧಿಕಾರಿ ಒಳಗೆ ಇಣುಕಿ, "ಬಾಂಬು ಬಿದ್ದರೆ ಜನ ಎಲ್ಲಿ ಕೂರಬೇಕು?" ಎಂದರು.

"ಗಂಟುಗಳ ಮೇಲೆ ಸಾರ್" ಎಂದೆ.

ಮೂರು

ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಅಜ್ಜಿಯ ಜೊತೆ ಕಿಟಕಿಗೆ ಬಂದ. ಅವತ್ತು ಮಧ್ಯಾಹ್ನ ಅವನಿಗೆ ಪರೀಕ್ಷೆ. ಈ ರೈಲು ತಪ್ಪಿದರೆ ಒಂದು ವರ್ಷವೇ ಹೋದಂತೆ. ರೈಲು ಆಗಲೇ ಬಂದು ನಿಂತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬೀಳದ ನಾನು ಸುಸ್ತಿನಲ್ಲಿ "ಎಲ್ಲಿಗೆ?" ಎಂದುಬಿಟ್ಟೆ.

ಅಜ್ಜಿ ಮೊಮ್ಮಗನ ರಟ್ಟೆ ಹಿಡಿದರು. "ಬಾರೋ, ಮನೆಗೆ ಹೋಗಿ ಕೂತೆದ್ದು ಬರೋಣ."

ಮನೆ ಎರಡು ಮೈಲಿ. ಹುಡುಗನ ಕಣ್ಣಲ್ಲಿ ನೀರು ಬಂತು. ತಪ್ಪು ನನ್ನದೇ ಎಂದು ನನಗೂ ಸಂಕಟವಾಯಿತು.

"ಅಜ್ಜೀ, ಇವನ ಗಂಟು ನಿನ್ನೆಯಿಂದ ಎಲ್ಲಿತ್ತು?" ಎಂದೆ.

"ಗುಂಡೀಲಿ."

"ಪ್ರಯಾಣ ಶುರುವಾಗಿದ್ದು ಅಲ್ಲಿಂದ ತಾನೆ? ಅಲ್ಲಿಗೇ ವಾಪಸ್ ಹೋದ್ರೆ ಸಾಕಲ್ವಾ?"

ಅಜ್ಜಿ ಯೋಚಿಸಿದರು. ಗಾರ್ಡು ಸೀಟಿ ಊದಿದ.

"ಅದೂ ಸರೀನೇ ನಾಯನಾ" ಎಂದರು.

ಹುಡುಗ ಗುಂಡಿಗೆ ಹಾರಿ, ಕೂತು, ನೀರು ಕುಡಿದು, ಎದ್ದು ಓಡಿ, ಚಲಿಸುತ್ತಿದ್ದ ರೈಲು ಹತ್ತಿದ. ಹಿಂದೆಯೇ ಓಡಿ ಅವನ ಕೈಗೆ ಟಿಕೆಟ್ ತುರುಕಿದೆ.

ಅಂತೂ ಒಂದು ತುತ್ತು ತಿನ್ನೋಣವೆಂದು ಕಿಟಕಿಗೆ ಬೀಗ ಹಾಕಿ ಮನೆಯ ಕಡೆ ಹೊರಟೆ. ಬೆಂಚಿನ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಅಜ್ಜಿ ತಲೆಯೆತ್ತಿ ಕೇಳಿದರು:

"ಎಲ್ಲಿಗೆ ನಾಯನಾ ಹೊರಟೆ?"

ನಾನು ಹೋಗಿ ಗುಂಡಿಯೊಳಗೆ ಇಳಿದು ಕೂತೆ.