ಮೊದಲನೇ ಸಾಲು

ಅಷ್ಟೂ ಅವಾಂತರಕ್ಕೆ ಕಾರಣ ಒಂದು ಹಲ್ಲು. ಅದೂ ಹಿಮ್ಮೇಳದಣ್ಣನ ಹಲ್ಲಲ್ಲ.

ಹಿಮ್ಮೇಳದಣ್ಣ ಎಂದರೆ ಪಾರ್ಸೆಲ್ ಕಚೇರಿಯ ಎರಡನೇ ಕೌಂಟರಿನಲ್ಲಿ ಕೂರುವ ಗುಮಾಸ್ತ. ಹಗಲೆಲ್ಲ ಜನರ ಗಂಟುಮೂಟೆಗಳಿಗೆ ಚೀಟಿ ಅಂಟಿಸುತ್ತಾನೆ. ಸಂಜೆಗೆ ಊರಿನ ಯಾವ ಜಾನಪದ ತಂಡ ಕರೆದರೂ ಹೋಗಿ ಹಾಡುತ್ತಾನೆ. ಅಂಥ ತಂಡಗಳು ಊರಿನಲ್ಲಿ ಮೂರೋ ನಾಲ್ಕೋ ಇವೆ. ಯಾವುದರಲ್ಲೂ ಅವನು ಖಾಯಂ ಅಲ್ಲ, ಆದರೆ ಎಲ್ಲಕ್ಕೂ ಬೇಕಾದವನು. ಮುಂದೆ ನಿಂತ ಗಾಯಕರು ಒಂದು ಸಾಲು ಹಾಡಿದರೆ, ಹಿಂದೆ ನಿಂತು ಎರಡನೇ ಸಾಲನ್ನು ಎತ್ತಿ ಹಿಡಿಯುವುದು ಅವನ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿದ್ದರಿಂದ ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಅದಕ್ಕೂ ಅವನಿಗೆ ಬೇಸರವಿರಲಿಲ್ಲ. ಹಾಡಲು ಕರೆಯುತ್ತಾರಲ್ಲ, ಅಷ್ಟೇ ದೊಡ್ಡದು ಎಂದುಕೊಳ್ಳುವ ಜೀವ ಅದು. ಆದರೂ ಒಂದೇ ಒಂದು ಸಲ ಮುಂದೆ ನಿಂತು ಹಾಡಬೇಕು ಅನ್ನುವ ಆಸೆಯನ್ನು ಹೆಂಡತಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿದ್ದ.

ಅವತ್ತು ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಫೋನು ಬಂತು. ಆ ಕಡೆ ತಂಡದ ಯಜಮಾನ, ಡೋಲು ಬಾರಿಸುವವನು.

"ನಮ್ಮ ಗಾಯಕರ ಮುಂದಿನ ಹಲ್ಲು ಹೋಯ್ತು ಕಣಪ್ಪಾ! ರಾತ್ರಿ ಬಾಟಲಿ ಮುಚ್ಚಳ ಹಲ್ಲಲ್ಲಿ ತೆಗೆಯೋಕೆ ಹೋಗಿದ್ದಾರೆ. ಮುಚ್ಚಳ ಅಲ್ಲೇ ಉಳೀತು, ಹಲ್ಲು ಬಂತು. ಈಗ ಹಾಡು ಅಂದ್ರೆ ಬರೀ 'ಉಸ್' ಅಂತಾರೆ. ಇವತ್ತು ಸಂಜೆ ನೀನೇ ಮುಂದೆ ನಿಲ್ಲಬೇಕು."

"ನಾನಾ?"

"ಇನ್ಯಾರು? ಒಂದನೇ ಸಾಲೂ ನೀನೇ, ಎರಡನೇ ಸಾಲೂ ನೀನೇ. ಚೆನ್ನಾಗಿ ಆಯ್ತಾ, ಇನ್ಮೇಲೆ ನಮ್ಮ ತಂಡಕ್ಕೆ ನೀನೇ ಮುಂದಾಳು."

ಹಿಮ್ಮೇಳದಣ್ಣ ಯಜಮಾನನಿಗೆ ಮೂರು ಸಲ ಥ್ಯಾಂಕ್ಸ್ ಹೇಳಿದ. ಫೋನಿಟ್ಟ ಮೇಲೆ ಆ ಹಲ್ಲಿಗೂ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿ, ಛೆ, ಹಾಗೆಲ್ಲ ಅಂದುಕೊಳ್ಳಬಾರದು ಎಂದು ಕೆನ್ನೆಗೆ ತಟ್ಟಿಕೊಂಡ. ಕೈಯೆಲ್ಲ ಸೋಪಾಯಿತು.

ಹೆಂಡತಿಗೆ ಸುದ್ದಿ ಕೇಳಿ ಹಿಗ್ಗೋ ಹಿಗ್ಗು. "ರೀ, ಹಾಗಾದ್ರೆ ಒಂದು ಸಲ ಹಾಡಿ ತೋರಿಸಿ, ಕೇಳೋಣ," ಎಂದಳು.

ಅವನು ಅಡುಗೆಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತ. ಎದೆ ತುಂಬ ಉಸಿರು ತೆಗೆದುಕೊಂಡ. ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಇತ್ತು, ಹಾಡು ಮಾತ್ರ ಬರಲಿಲ್ಲ.

"ಏನಾಯ್ತು? ಮರೆತು ಹೋಯ್ತಾ?"

ಮರೆತಿರಲಿಲ್ಲ. ಗಂಟಲೂ ಸರಿಯಾಗಿತ್ತು. ಆದರೆ ಅವನ ನಾಲಿಗೆ ಯಾರಾದರೂ ಮೊದಲ ಸಾಲು ಹಾಡಲಿ ಎಂದು ಕಾಯುತ್ತ ಕೂತಿತ್ತು. ಯಾವಾಗಲೂ ಹಿಂದಿನ ಸೀಟಿನಲ್ಲಿ ಕೂತು ಹೋದವನ ಕೈಗೆ ಒಮ್ಮೆಲೇ ಬೈಕಿನ ಕೀಲಿ ಕೊಟ್ಟ ಹಾಗಾಗಿತ್ತು ಅವನ ಪಾಡು. ಹೆಂಡತಿಗೆ ಏನೋ ಹೊಳೆಯಿತು. ಸೌಟು ಹಿಡಿದುಕೊಂಡೇ ಮೆಲ್ಲಗೆ, "ಯಾರು ತೆಗೆದರು ತಂಗಿ ಮುಂಜಾನೆ ಬಾಗಿಲ?" ಎಂದು ಗುನುಗಿದಳು.

"ಬೆಳಕಮ್ಮ ಬೆಳಕು, ಬೆಳಕೇ ತೆಗೆಯಿತು!" ಎಂದು ಹಿಮ್ಮೇಳದಣ್ಣ ಪಾತ್ರೆ ಅದುರುವಂತೆ ಹಾಡಿದ.

ಆ ದನಿಗೆ ಮಹಡಿ ಮನೆಯ ಡ್ರಿಲ್ ಮೇಷ್ಟ್ರು ಇಳಿದು ಬಂದರು. ನಿವೃತ್ತರಾದರೂ ಕೊರಳಿನ ಸೀಟಿಗೆ ನಿವೃತ್ತಿ ಕೊಡದ ಮನುಷ್ಯ. ವಿಷಯ ಕೇಳಿ, "ಇದೆಲ್ಲ ಅಭ್ಯಾಸದ ಮಾತು ಕಣಯ್ಯಾ. ನಾನು ಸೀಟಿ ಊದ್ತೀನಿ, ಊದಿದ ತಕ್ಷಣ ಶುರು ಮಾಡು. ರೆಡಿ!" ಎಂದು ಊದಿದರು. ಮೊದಲ ಸೀಟಿಗೆ ಪಕ್ಕದ ಮನೆಯ ನಾಯಿ ಶುರು ಮಾಡಿತು. ಎರಡನೇ ಸೀಟಿಗೆ ಹಿಮ್ಮೇಳದಣ್ಣ ಶುರು ಮಾಡಿದ, "ಬೆಳಕಮ್ಮ ಬೆಳಕು..."

"ಅದು ಎರಡನೇ ಸಾಲು!"

"ನೀವು ಸೀಟಿ ಊದಿದ್ರಲ್ಲ ಮೇಷ್ಟ್ರೇ, ನನ್ನ ಗಂಟಲಿಗೆ ಅದೇ ಮೊದಲನೇ ಸಾಲು ಅನ್ನಿಸಿಬಿಡ್ತು," ಎಂದ ಅವನು, ಅಳುವ ದನಿಯಲ್ಲಿ. ಆದರೂ ಬಂದು ಊದಿದ್ದಕ್ಕೆ ಥ್ಯಾಂಕ್ಸ್ ಹೇಳಿ ಕಚೇರಿಗೆ ಓಡಿದ.

ಕಚೇರಿಯಲ್ಲಿ ಗುಟ್ಟು ನಿಲ್ಲುವುದುಂಟೇ? ಚೀಟಿಗಳ ಕಟ್ಟು ಬಿಚ್ಚುವಷ್ಟರಲ್ಲಿ ಮೊಹರು ಒತ್ತುವ ಅಕ್ಕನಿಗೆ ಎಲ್ಲ ತಿಳಿದಿತ್ತು.

"ಇಷ್ಟೇನಾ? ಮೊದಲನೇ ಸಾಲನ್ನ ಮನಸ್ಸಲ್ಲೇ ಹೇಳ್ಕೋ ತಮ್ಮಾ. ಆಮೇಲೆ ಬಾಯಿ ಬಿಡು."

ಅವನು ಕಣ್ಣು ಮುಚ್ಚಿ ಮೊದಲನೇ ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡ. ಆಮೇಲೆ ಬಾಯಿ ಬಿಟ್ಟು ಎರಡನೇ ಸಾಲನ್ನು ಸೊಗಸಾಗಿ ಹಾಡಿದ. ಅಕ್ಕ ಹಣೆ ಚಚ್ಚಿಕೊಂಡಳು.

ಗೋದಾಮಿನಲ್ಲಿ ಪಾರ್ಸೆಲ್ ತೂಗುವವನದು ಬೇರೆಯೇ ಯೋಜನೆ. ಅವನ ದನಿ ತಗಡು ಎಳೆದಂತಿತ್ತು. ಉತ್ಸಾಹಕ್ಕೆ ಮಾತ್ರ ಕೊರತೆಯಿರಲಿಲ್ಲ. "ನಾನು ಇಲ್ಲಿಂದ ಮೊದಲನೇ ಸಾಲು ಕೂಗ್ತಾ ಇರ್ತೀನಿ, ನೀನು ಅಲ್ಲಿಂದ ಹಾಡ್ತಾ ಇರು. ನಾನು ದನಿ ತಗ್ಗಿಸ್ತಾ ತಗ್ಗಿಸ್ತಾ ಹೋಗ್ತೀನಿ. ಕೊನೆಗೆ ನಾನು ಇಲ್ಲದಿದ್ರೂ ನಿನಗೆ ಹಾಡೋಕೆ ಬರುತ್ತೆ," ಎಂದ. ಮಕ್ಕಳಿಗೆ ಸೈಕಲ್ ಕಲಿಸಿದ ಅನುಭವ ಅವನದು. ಅಲ್ಲಿಂದ "ಯಾರು ತುಂಬಿದರು ತಂಗಿ ಬರಿದಾದ ಕೊಡವ?" ಎಂದು ಕೂಗು ಬರುವುದು, ಇಲ್ಲಿಂದ "ಮಳೆಯಮ್ಮ ಮಳೆಯು, ಮಳೆಯೇ ತುಂಬಿತು" ಎಂದು ಉತ್ತರ ಹೋಗುವುದು. ಸರದಿಯಲ್ಲಿ ನಿಂತ ಗಿರಾಕಿಗಳು ತಲೆದೂಗುತ್ತ ತಮ್ಮ ಸರದಿಯನ್ನೇ ಮರೆತರು. ತಾಳಕ್ಕೆ ಸರಿಯಾಗಿ ಚೀಟಿ ಅಂಟಿಸುತ್ತ ಹೋದ ಹಿಮ್ಮೇಳದಣ್ಣ ಪಕ್ಕದಲ್ಲಿದ್ದ ತನ್ನ ಊಟದ ಡಬ್ಬಿಗೂ ಒಂದು ಅಂಟಿಸಿದ. ಅಕ್ಕ ಅದೇ ತಾಳದಲ್ಲಿ ಮೊಹರು ಒತ್ತಿದಳು. ಡಬ್ಬಿ ವ್ಯಾನು ಹತ್ತಿ ಯಾವುದೋ ಊರಿಗೆ ಹೊರಟುಹೋಯಿತು.

ಅಷ್ಟು ಹೊತ್ತಿಗೆ ಒಬ್ಬ ಹೆಂಗಸು ಬಾಯಿ ಬಿಚ್ಚಿದ ಪಾರ್ಸೆಲ್ಲೊಂದನ್ನು ತಂದು ಕೌಂಟರಿನ ಮೇಲೆ ಕುಕ್ಕಿದಳು.

"ಯಾರ್ರೀ ತೆಗೆದದ್ದು ಇದನ್ನ?"

"ಬೆಳಕಮ್ಮ ಬೆಳಕು, ಬೆಳಕೇ ತೆಗೆಯಿತು!"

ಸರದಿ ಗೊಳ್ಳೆಂದು ನಕ್ಕಿತು. ಹೆಂಗಸು ನಗಲಿಲ್ಲ. "ಬೆಳಕಾ? ಎಲ್ಲಿ ನಿಮ್ಮ ಮೇಡಂ? ಕರೀರಿ!" ಎಂದಳು.

ಮೇಡಂ ಎಂದರೆ ಗಾಜಿನ ಕ್ಯಾಬಿನ್ನಿನಲ್ಲಿ ಕೂರುವ ಮ್ಯಾನೇಜರ್. ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಕನ್ನಡಕದ ಮೇಲಿಂದ ಒಂದು ಸಲ ನೋಡಿದರೆ ಸಾಕು, ಫ್ಯಾನು ಕೂಡ ನಿಧಾನವಾಗುತ್ತಿತ್ತು. ಅವರು ಹೊರಗೆ ಬಂದು ಆ ಹೆಂಗಸನ್ನು ಎರಡೇ ಮಾತಿನಲ್ಲಿ ಸಮಾಧಾನ ಮಾಡಿ, ಪಾರ್ಸೆಲ್ ಮತ್ತೆ ಕಟ್ಟಿಸಿ ಕೊಟ್ಟರು. ಆಮೇಲೆ ಹಿಮ್ಮೇಳದಣ್ಣನನ್ನು ಒಳಗೆ ಕರೆದರು.

"ಬೆಳಗಿಂದ ನಡೀತಿರೋದೇನು?"

ಅವನು ಹಲ್ಲಿನಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದ. ಕೆಲಸ ಹೋಯಿತೆಂದೇ ಅಂದುಕೊಂಡು, ಇಷ್ಟು ದಿನ ಇಟ್ಟುಕೊಂಡಿದ್ದಕ್ಕೆ ಥ್ಯಾಂಕ್ಸ್ ಕೂಡ ಹೇಳಿಬಿಟ್ಟ.

"ಸಂಜೆ ಎಲ್ಲಿ ಹಾಡೋದು?" ಎಂದರು ಮೇಡಂ.

"ಲೈಬ್ರರಿ ಹಿಂದಿನ ಬಯಲು ವೇದಿಕೆ ಮೇಡಂ."

"ಸರಿ. ಅಲ್ಲೀವರೆಗೆ ಬಾಯಿ ಮುಚ್ಚಿಕೊಂಡು ಚೀಟಿ ಅಂಟಿಸಿ."

ಮಧ್ಯಾಹ್ನ ಡಬ್ಬಿಯಿಲ್ಲದವನಿಗೆ ಅಕ್ಕ ಅರ್ಧ ಊಟ ಕೊಟ್ಟಳು, ತೂಗುವವನು ಇನ್ನರ್ಧ ಕೊಟ್ಟ. ತನ್ನ ಡಬ್ಬಿಯಲ್ಲಿ ಇರುತ್ತಿದ್ದುದಕ್ಕಿಂತ ಹೆಚ್ಚೇ ಆಯಿತು. ಇಂಥ ಜನ ಸಿಕ್ಕಿದ್ದು ತನ್ನ ಪುಣ್ಯ ಎಂದು ಅವನು ಇಬ್ಬರಿಗೂ ಥ್ಯಾಂಕ್ಸ್ ಹೇಳಿದ. ಇವರೆಲ್ಲ ಸಂಜೆ ಬಂದು ಕೂತಾಗ ಬಾಯಿ ತೆರೆದು ನಿಂತರೆ ಏನು ಗತಿ ಎಂದು ನೆನೆದು ಕೈಯಲ್ಲಿದ್ದ ತುತ್ತನ್ನು ಹಾಗೇ ಕೆಳಗಿಟ್ಟ.

ಸಂಜೆ ಬಯಲು ತುಂಬಿತ್ತು. ಬಿಸಿಲು ಇನ್ನೂ ಮರಗಳ ತುದಿಯಲ್ಲಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಸೀಟಿ ಸಮೇತ ಡ್ರಿಲ್ ಮೇಷ್ಟ್ರು, ಅವರ ಹಿಂದೆ ಅಕ್ಕ ಮತ್ತು ತೂಗುವವನು. ಮೂರನೇ ಸಾಲಿನ ತುದಿಯಲ್ಲಿ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ತಪಾಸಣೆಗೆ ಬಂದವರ ಹಾಗೆ ಮೇಡಂ ಕೂತಿದ್ದರು. ಅವರನ್ನು ನೋಡಿದ್ದೇ ಹಿಮ್ಮೇಳದಣ್ಣ ಮೈಕಿಗೇ ಒಂದು ನಮಸ್ಕಾರ ಹಾಕಿದ.

ಡೋಲು ಶುರುವಾಯಿತು. ಕೊಳಲು ಸೇರಿತು. ಹಾಡು ಎತ್ತಬೇಕಾದ ಜಾಗ ಬಂತು, ಹೋಯಿತು. ಯಜಮಾನ ಇನ್ನೊಂದು ಸುತ್ತು ಬಾರಿಸಿದ. ಆ ಜಾಗ ಮತ್ತೆ ಬಂತು, ಮತ್ತೆ ಹೋಯಿತು. ಹಿಮ್ಮೇಳದಣ್ಣ ಮೈಕಿನ ಮುಂದೆ ಬಾಯಿ ತೆರೆದು ನಿಂತೇ ಇದ್ದ. ಯಜಮಾನ ಬಾಯಿ ತೆರೆದರೆ ಕೈ ತಪ್ಪುತ್ತದೆ. ಕೊಳಲಿನವನ ಬಾಯಿ ಕೊಳಲಿನಲ್ಲೇ ಇತ್ತು. ವೇದಿಕೆಯ ಮೂಲೆಯಲ್ಲಿ ಕೂತಿದ್ದ, ಹಲ್ಲು ಹೋದ ಗಾಯಕರು ಸಹಾಯಕ್ಕೆಂದು ಮುಂದೆ ಬಾಗಿ ಗಂಟಲು ಹರಿಯುವಂತೆ ಹಾಡಿದರು. "ಉಸ್" ಎಂದಷ್ಟೇ ಕೇಳಿಸಿತು.

ಜನ ಪಿಸುಗುಟ್ಟತೊಡಗಿದರು. ಹೆಂಡತಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಯಾರು ತೆಗೆದರು..." ಎಂದಳು. ಅದೇ ಗಳಿಗೆಗೆ ಮೇಷ್ಟ್ರು ಸೀಟಿ ಊದಿದರು. ತೂಗುವವನು ತಗಡು ದನಿಯಲ್ಲಿ "ಯಾರು ತುಂಬಿದರು..." ಎಂದು ಕೂಗಿದ. ಅಕ್ಕ "ಮನಸ್ಸಲ್ಲೇ ಹೇಳ್ಕೋ ತಮ್ಮಾ, ಮನಸ್ಸಲ್ಲೇ!" ಎಂದು ಅರಚಿದಳು. ಎಲ್ಲರೂ ಸೇರಿ ಸಹಾಯ ಮಾಡಿದ್ದರಲ್ಲಿ ಸಂತೆಯೇ ನೆರೆಯಿತು. ಯಾವ ಸಾಲಿಗೆ ಉತ್ತರ ಕೊಡುವುದೆಂದು ತಿಳಿಯದೆ ಹಿಮ್ಮೇಳದಣ್ಣ ಅತ್ತ ಇತ್ತ ತಿರುಗುತ್ತ ನಿಂತ.

"ಸೈಲೆನ್ಸ್!"

ಬಯಲೆಲ್ಲ ಗಪ್‌ಚಿಪ್. ಡೋಲೂ ನಿಂತಿತು. ಮೇಡಂ ಕೈಚೀಲವನ್ನು ಪಕ್ಕದವರ ಕೈಗೆ ಕೊಟ್ಟು ಎದ್ದು ನಿಂತಿದ್ದರು. ಕನ್ನಡಕ ತೆಗೆದರು. ಮೈಕಿಲ್ಲದೆ, ಎಳೆ ಎಳೆಯಾಗಿ, ಕೊನೆಯ ಸಾಲಿನವರಿಗೂ ಕೇಳುವಂತೆ ಹಾಡಿದರು.

"ಯಾರು ತೆಗೆದರು ತಂಗಿ ಮುಂಜಾನೆ ಬಾಗಿಲ?"

ಇಂಥ ದನಿ ಇಷ್ಟು ವರ್ಷ ಆ ಗಾಜಿನ ಕ್ಯಾಬಿನ್ನಿನಲ್ಲಿ ಸುಮ್ಮನೆ ಕೂತಿತ್ತೇ ಎಂದು ಅಕ್ಕನ ಕಣ್ಣು ಅರಳಿತು. ಹಿಮ್ಮೇಳದಣ್ಣನಿಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಅವನ ಗಂಟಲು ತಾನಾಗಿ ತೆರೆದುಕೊಂಡಿತ್ತು.

"ಬೆಳಕಮ್ಮ ಬೆಳಕು, ಬೆಳಕೇ ತೆಗೆಯಿತು!"

ಯಜಮಾನ ಡೋಲಿನ ಮೇಲೆ ಮುಗಿಬಿದ್ದ. ಮೇಡಂ ಕೇಳುತ್ತ ಹೋದರು, ಹಿಮ್ಮೇಳದಣ್ಣ ಹೇಳುತ್ತ ಹೋದ. ಕೊಡ ತುಂಬಿತು. ಜನ ಚಪ್ಪಾಳೆಯಲ್ಲಿ ತಾಳ ಹಿಡಿದರು. ಕೊನೆಯ ಚರಣದಲ್ಲಿ "ಯಾರು ಜೊತೆಗಿದ್ದರು ತಂಗಿ ಒಂಟಿ ದಾರಿಯಲಿ?" ಎಂದು ಹಾಡುವಾಗ ಮೇಡಂ ದನಿ ಒಂದಿಷ್ಟು ನಡುಗಿತು. ದಿನವೂ ಆ ಕ್ಯಾಬಿನ್ನಿನಲ್ಲಿ ಒಬ್ಬರೇ ಕೂತು ಊಟ ಮಾಡುವವರು ಅವರು. ಇವರನ್ನು ಒಂದು ದಿನವಾದರೂ ಹೊರಗೆ ಊಟಕ್ಕೆ ಕರೆಯಲಿಲ್ಲವಲ್ಲ ಎಂದು ಹಿಮ್ಮೇಳದಣ್ಣನಿಗೆ ಅನ್ನಿಸಿತು. "ಹಾಡಮ್ಮ ಹಾಡು, ಹಾಡೇ ಜೊತೆಯಿತ್ತು," ಎಂದು ಅವನು ಉತ್ತರ ಕೊಟ್ಟಾಗ ಅವನ ದನಿಯೂ ನಡುಗಿತು. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಹಾಡಿರಲಿಲ್ಲ.

ಹಾಡು ಮುಗಿದಾಗ ಜನ ಎದ್ದು ನಿಂತರು. ಯಜಮಾನ ಡೋಲು ಇಳಿಸಿ ಎರಡೂ ಕೈ ಚಾಚಿಕೊಂಡು ಓಡಿ ಬಂದ. ಹಿಮ್ಮೇಳದಣ್ಣನೂ ಕೈ ಚಾಚಿದ. ಯಜಮಾನ ಅವನನ್ನು ದಾಟಿ, ಮೆಟ್ಟಿಲಿಳಿದು, ನೇರವಾಗಿ ಮೇಡಂ ಮುಂದೆ ಹೋಗಿ ನಿಂತ.

"ಅಮ್ಮಾ, ನೀವು ಇಷ್ಟು ದಿನ ಎಲ್ಲಿದ್ರಿ? ಮುಂದಿನ ಶುಕ್ರವಾರ ಕಾಲೇಜಿನಲ್ಲಿ ನಮ್ಮದೇ ಕಾರ್ಯಕ್ರಮ. ನೀವು ಮುಂದೆ, ಇವನು ಹಿಂದೆ. ಇಲ್ಲ ಅನ್ನಬಾರದು!"

ಮೇಡಂ ಇಲ್ಲ ಅನ್ನಲಿಲ್ಲ. ಹಿಮ್ಮೇಳದಣ್ಣನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ನಿಜ ಹೇಳಬೇಕೆಂದರೆ ಅವನಿಗೆ ಜೀವ ಬಂದ ಹಾಗಾಯಿತು. ತನ್ನ ಹಳೆಯ ಜಾಗ ತನಗೇ ಇದೆ. ಎತ್ತಿ ಕೊಡಲು ಇಂಥ ದನಿ ಮುಂದೆ ಇದ್ದರೆ ಹಿಂದೆ ನಿಲ್ಲುವುದೇ ಸುಖ. ಮಾನ ಉಳಿಸಿದ ಮಹಾತಾಯಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು ಅನ್ನಿಸಿ, ಅವನು ಮೆಟ್ಟಿಲಿಳಿದು ಹೋದ.

"ಮೇಡಂ, ನಿಮ್ಮ ಉಪಕಾರ ಹೇಗೆ ತೀರಿಸಲಿ? ಏನು ಬೇಕಾದ್ರೂ ಕೇಳಿ, ಮಾಡ್ತೀನಿ."

"ಏನು ಬೇಕಾದ್ರೂ?"

"ಏನು ಬೇಕಾದ್ರೂ!"

ಮೇಡಂ ಕನ್ನಡಕ ಹಾಕಿಕೊಂಡರು. "ಕಾಲೇಜಿನ ಕಾರ್ಯಕ್ರಮ ಎಷ್ಟು ಹೊತ್ತಿಗೆ?" ಎಂದು ಯಜಮಾನನನ್ನು ಕೇಳಿದರು.

"ಬೆಳಿಗ್ಗೆ ಅಮ್ಮಾ."

"ಅದನ್ನೇ ಯೋಚಿಸ್ತಿದ್ದೆ. ಅದು ಆಫೀಸಿನ ಹೊತ್ತು. ನಾನು ರಜೆ ಹಾಕಿದ್ರೆ ಕ್ಯಾಬಿನ್‌ನಲ್ಲಿ ಯಾರಾದ್ರೂ ನಂಬಿಕಸ್ಥರು ಇರಬೇಕು." ಅವರು ಹಿಮ್ಮೇಳದಣ್ಣನ ಕಡೆ ತಿರುಗಿದರು. ಅಷ್ಟು ಮಮತೆಯಿಂದ ಅವರು ಯಾರನ್ನೂ ನೋಡಿದ್ದಿಲ್ಲ. "ಅವತ್ತು ನನ್ನ ಕುರ್ಚಿಯಲ್ಲಿ ನೀವು ಕೂತ್ಕೊಳ್ಳಿ. ಇನ್ನು ಮೇಲೆ ಕಾರ್ಯಕ್ರಮ ಇದ್ದಾಗಲೆಲ್ಲ ನೀವೇ."

ಹಿಮ್ಮೇಳದಣ್ಣನ ಬಾಯಿ ತೆರೆದುಕೊಂಡಿತು.

"ಮತ್ತೆ ಎರಡನೇ ಸಾಲು?" ಎಂದ ಯಜಮಾನ, ಗಾಬರಿಯಿಂದ.

ಹಿಂದಿನಿಂದ ತೂಗುವವನು ಗಂಟಲು ಸರಿಮಾಡಿಕೊಂಡ. "ನಂಗೆ ಬರುತ್ತೆ ಯಜಮಾನ್ರೇ. ಬೆಳಗಿಂದ ಇವನ ಬಾಯಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿದೆ."

"ನೀವೂ ಬನ್ನಿ ಹಾಗಾದ್ರೆ," ಎಂದರು ಮೇಡಂ. "ಅವತ್ತಿನ ತೂಕದ ಕೆಲಸಾನೂ ಇವರೇ ನೋಡ್ಕೋತಾರೆ. ಅಲ್ವಾ?"

ಇಷ್ಟು ಜನ ಕಷ್ಟಪಟ್ಟರೂ ಇಡೀ ದಿನ ಮೊದಲನೇ ಸಾಲಿಗೆ ಏಳದ ದನಿ ಹಿಮ್ಮೇಳದಣ್ಣನ ಬಾಯಿಂದ ಈಗ, ಯಾರೂ ಹಾಡಿ ಎತ್ತಿಕೊಡದೆ, ತಾನಾಗಿ ಬಂತು.

"ಆಗಲಿ ಮೇಡಂ. ತುಂಬಾ ಥ್ಯಾಂಕ್ಸ್."